ಹನ್ನೊಂದು ಕಲ್ಲಿನ ಮನೆ

ಪರ್ತ್‌ನ ಥಾರ್ನ್ಲಿಯಲ್ಲಿ ಮಗಳು ಅಳಿಯನ ಜೊತೆ ಇರುವ ಕಮಲಮ್ಮನವರಿಗೆ ಈಗ ಅರವತ್ತೊಂಬತ್ತು. ಮೈಸೂರಿನಲ್ಲಿ ಮೂವತ್ತೊಂದು ವರ್ಷ ಊದುಬತ್ತಿ ಹೊಸೆದ ಕೈ ಅವರದು. ಮಣೆ ಮುಂದೆ ಕಾಲು ಮಡಿಸಿ ಕೂತರೆ ದಿನಕ್ಕೆ ನಾಲ್ಕು ಸಾವಿರ ಕಡ್ಡಿ. ಯಾವ ಕಟ್ಟು ಬಿಚ್ಚಿ ನೋಡಿದರೂ ಒಂದು ದಪ್ಪ, ಒಂದು ಸಣ್ಣ ಅಂತ ಸಿಗುತ್ತಿರಲಿಲ್ಲ. ಹಾಗೆ ಹೊಸೆದು ಹೊಸೆದೇ ಮಗಳು ಮೈತ್ರೇಯಿಯನ್ನು ನರ್ಸಿಂಗ್ ಓದಿಸಿದರು. ಅವಳಿಗೆ ಪರ್ತ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಗಂಡ ತೀರಿಕೊಂಡ ಮೇಲೆ ಕಮಲಮ್ಮನೂ ಇಲ್ಲಿಗೇ ಬಂದರು.

ಇಷ್ಟು ವರ್ಷದಲ್ಲಿ ಸ್ವಂತ ಮನೆ ಅನ್ನೋದರಲ್ಲಿ ಅವರು ಒಂದು ರಾತ್ರಿಯೂ ಮಲಗಿದವರಲ್ಲ. ಮೈಸೂರಿನಲ್ಲಿ ಏಳು ಬಾಡಿಗೆ ಮನೆ. ಏಳು ಸಲವೂ ಹೊಸೆಯುವ ಮಣೆಯನ್ನು ತಲೆ ಮೇಲೆ ಹೊತ್ತು ನಡೆದದ್ದು. ಪರ್ತ್‌ಗೆ ಬಂದ ಮೇಲೆ ಇನ್ನೂ ಮೂರು. ಮಗಳಿಗಾದರೂ ಒಂದು ಮನೆ ಆಗಲಿ ಅನ್ನೋದೊಂದೇ ಅವರ ಆಸೆ. ಮೈತ್ರೇಯಿ ಮತ್ತು ಅವಳ ಗಂಡ ಗುರುದತ್ ಶನಿವಾರ ಬಂತೆಂದರೆ ವಿಲೆಟನ್ ಕಡೆ ಮನೆ ನೋಡಲು ಹೋಗುತ್ತಾರೆ. ಒಂದೊಂದು ಮನೆ ಬಾಗಿಲಲ್ಲೂ ಮೂವತ್ತು ನಲವತ್ತು ಜನ ಸಾಲು ನಿಂತಿರುತ್ತಾರೆ. ಇವರು ಹೋದ ಹಾಗೇ ವಾಪಸ್ಸು ಬರುತ್ತಾರೆ.

ಅಡಿಲೇಡಿನಲ್ಲಿ ರಾಜಗೋಪಾಲ ಅಂತ ಮಕ್ಕಳ ಡಾಕ್ಟರು ಇದ್ದಾರೆ. ಕೆಲಸ ಬಿಟ್ಟ ಮೇಲೆ ಅವರು ಪ್ರತಿ ಜುಲೈ ತಿಂಗಳು ನಮ್ಮ ಜನರನ್ನು ಸೇರಿಸಿಕೊಂಡು ಮರುಭೂಮಿಗೆ ಕರೆದುಕೊಂಡು ಹೋಗುತ್ತಾರೆ. ಇಲ್ಲಿ ಆಗ ಚಳಿಗಾಲ, ಹಗಲಲ್ಲಿ ನಡೆಯಬಹುದು. ಪರ್ತ್‌ನಿಂದ, ಬ್ರಿಸ್ಬೇನಿನಿಂದ ವಿಮಾನದಲ್ಲಿ ಅಡಿಲೇಡಿಗೆ ಬರಬೇಕು. ಅಲ್ಲಿಂದ ಉತ್ತರಕ್ಕೆ ಒಂದೂವರೆ ದಿನ ಕಾರು. ಡಾಂಬರು ಮುಗಿದು ಕೆಂಪು ಮಣ್ಣಿನ ರಸ್ತೆ ಶುರುವಾಗಿ, ಅದೂ ಮುಗಿದ ಕಡೆ ಗಾಡಿ ನಿಲ್ಲಿಸಿ, ಏಳು ಕಿಲೋಮೀಟರು ಕಾಲುನಡಿಗೆ. ಕೊನೆಗೆ ಸಿಗೋದು ಮೂರು ಮರಳುಗಲ್ಲಿನ ಬಂಡೆ. ಸುತ್ತಲೂ ಮಟ್ಟಸ ನೆಲ, ಅದರ ನಡುವೆ ಮೂರೇ ಮೂರು, ಮೂರಾಳೆತ್ತರ, ಒಂದಕ್ಕೊಂದು ಮುಖ ಮಾಡಿಕೊಂಡು ನಿಂತಿವೆ. ಫೋಟೋ ನೋಡಿದ ದಿನವೇ ಕಮಲಮ್ಮ ಅದಕ್ಕೆ ಒಲೆಗುಂಡು ಅಂತ ಹೆಸರಿಟ್ಟರು. ಮೂರು ಕಲ್ಲಿಟ್ಟು ಒಲೆ ಹೂಡಿ ಅಡುಗೆ ಮಾಡಿದವರಿಗೆ ಬೇರೆ ಹೆಸರು ಹೊಳೆಯೋದಾದರೂ ಹೇಗೆ? ಗಾಡಿ ನಿಲ್ಲಿಸುವ ಕಡೆ ಇರುವ ಬೋರ್ಡಿನ ಮೇಲಿನ ಇಂಗ್ಲಿಷ್ ಹೆಸರು ಉದ್ದ. ಈಗ ಡಾಕ್ಟರೂ ಒಲೆಗುಂಡು ಅಂತಲೇ ಅನ್ನುತ್ತಾರೆ.

ಮೊದಲನೇ ವರ್ಷ ಕಮಲಮ್ಮ ಒಲೆಗುಂಡು ಮುಟ್ಟಲಿಲ್ಲ. ಮಗಳ ಹಳೇ ಶೂ ಹಾಕಿಕೊಂಡು ಹೋಗಿದ್ದರು. ನಾಲ್ಕು ವರ್ಷ ಡಬ್ಬಿಯಲ್ಲಿದ್ದ ಶೂ, ಗೋಂದು ಒಣಗಿ, ಅರ್ಧ ದಾರಿಯಲ್ಲಿ ಅಡಿ ಕಳಚಿಕೊಂಡು ಬಾಯಿ ಬಿಟ್ಟಿತು. ಅರ್ಧ ದಾರಿಯಲ್ಲಿ ಒಂದು ದೊಡ್ಡ ಹಾಸುಬಂಡೆ ಇದೆ, ಪಕ್ಕಕ್ಕೆ ಒಂದು ಮರ. ಬಂಡೆಯ ಬಲಗಡೆ ಒಲೆಗುಂಡಿನ ದಾರಿ, ಎಡಗಡೆ ಒಣಗಿದ ಹಳ್ಳ. ಮರದ ನೆರಳಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಗುರುದತ್ ಉಳಿದ, ಮಿಕ್ಕವರು ಮುಂದೆ ಹೋದರು. ಹತ್ತು ನಿಮಿಷಕ್ಕೆ ಅವನು ಮುಖದ ಮೇಲೆ ಟೋಪಿ ಮುಚ್ಚಿಕೊಂಡು ನಿದ್ದೆ ಹೋದ.

ಕಮಲಮ್ಮನ ಕೈ ಸುಮ್ಮನೆ ಇರುವ ಕೈಯಲ್ಲ. ನಮ್ಮ ಕಡೆ ಬೆಟ್ಟ ಹತ್ತುವವರು ದಾರಿ ಬದಿ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಕಟ್ಟುತ್ತಾರಲ್ಲ, ಹಾಗೆ ಕಟ್ಟಿದರೆ ನಿಜವಾದ ಮನೆ ಆಗುತ್ತೆ ಅಂತ. ಮೈಸೂರಿನಲ್ಲಿದ್ದಾಗ ಅವರೂ ಮೂರು ಸಲ ಕಟ್ಟಿದ್ದರು. ಮೂರೂ ಸಲ ಅವಸರದಲ್ಲಿ, ಹಿಂದಿನವರು ತಳ್ಳುತ್ತಿದ್ದಾಗ, ಕೈಗೆ ಸಿಕ್ಕ ಕಲ್ಲು ಪೇರಿಸಿ ಬಂದದ್ದು. ಅದಕ್ಕೇ ಆಗಲಿಲ್ಲವೋ ಏನೋ ಅನ್ನೋದು ಅವರ ಮನಸ್ಸಿನಲ್ಲಿತ್ತು. ಇಲ್ಲಿ ತಳ್ಳುವವರಿಲ್ಲ, ಮೂರು ಗಂಟೆ ಹೊತ್ತು ಬಿದ್ದಿದೆ. ಒಂದೊಂದೇ ಕಲ್ಲು ಆರಿಸಿ ತಂದರು. ನಾಲ್ಕು ಅಡಿಪಾಯಕ್ಕೆ, ನಾಲ್ಕು ಗೋಡೆಗೆ, ಬಾಗಿಲ ಮೇಲೆ ಉದ್ದದ್ದೊಂದು, ಸೂರಿಗೆ ಅಗಲದ್ದೊಂದು, ಅದರ ನೆತ್ತಿಗೆ ಗುಂಡಗಿನದೊಂದು. ಒಟ್ಟು ಹನ್ನೊಂದು. ಮಂಡಿಯೆತ್ತರ ಬಂತು. ತಳ್ಳಿ ನೋಡಿದರು, ಅಲುಗಲಿಲ್ಲ. ಮಗಳ ಹೆಸರು ಹೇಳಿ ಕೈ ಮುಗಿದರು. ಗುರುದತ್ ಎದ್ದಾಗ ಅವರು ಮರದ ಈಚೆ ಬಂದು ಕೂತಿದ್ದರು. ಹರಕೆಯ ಮಾತು ಬಾಯಿಬಿಟ್ಟು ಹೇಳಬಾರದು ಅಂತ ಯಾರಿಗೂ ಹೇಳಲಿಲ್ಲ.

ಮುಂದಿನ ವರ್ಷ ಒಲೆಗುಂಡು ಮುಟ್ಟಲೇಬೇಕು ಅಂತ ಅವರು ಪರ್ತ್‌ಗೆ ಬಂದ ಮಾರನೇ ದಿನದಿಂದಲೇ ನಡೆಯೋಕೆ ಶುರು ಮಾಡಿದರು. ಹೊಸ ಶೂ ತಂದು ಮನೆಯೊಳಗೇ ಒಂದು ತಿಂಗಳು ಹಾಕಿ ಪಳಗಿಸಿದರು. ಬೆಳಿಗ್ಗೆ ಐದೂವರೆಗೆ ಎದ್ದು ಮನೆ ಹತ್ತಿರದ ಆಟದ ಮೈದಾನದ ಸುತ್ತ ಹನ್ನೆರಡು ಸುತ್ತು. ಭಾನುವಾರ ಕ್ಯಾನಿಂಗ್ ನದಿ ದಂಡೆ. ಬೆನ್ನ ಚೀಲದಲ್ಲಿ ಐದು ಕೇಜಿ ಸೋನಾಮಸೂರಿ ಪೊಟ್ಟಣ. ಸೆಪ್ಟೆಂಬರಿನಲ್ಲಿ ಮ್ಯಾಗ್‌ಪೈ ಹಕ್ಕಿಗಳು ಮರಿ ಮಾಡಿ, ತಲೆಗೆ ಕುಕ್ಕೋಕೆ ಬಂದರೆ ಕೊಡೆ ಬಿಡಿಸಿಕೊಂಡು ನಡೆದರು. ಅಕ್ಕಿ ಹೊತ್ತುಕೊಂಡು ದಿನಾ ಎಲ್ಲಿಗೆ ಹೋಗ್ತೀರಿ ಅತ್ತೆ, ಯಾರಾದರೂ ಬಿರಿಯಾನಿಗೆ ಕರೆದಿದ್ದಾರಾ ಅಂತ ಗುರುದತ್ ರೇಗಿಸಿದ. ಮಳೆ, ಬಿಸಿಲು, ಮಂಡಿ ನೋವು, ಯಾವುದಕ್ಕೂ ಅವರು ಒಂದು ಸುತ್ತು ಕಮ್ಮಿ ಮಾಡಲಿಲ್ಲ.

ಎರಡನೇ ವರ್ಷ ಒಟ್ಟು ಒಂಬತ್ತು ಜನ. ಡಾಕ್ಟರು, ಅಡಿಲೇಡಿನ ಇನ್ನೂ ಮೂವರು, ಪರ್ತ್‌ನಿಂದ ಇವರು ಮೂವರು. ಬ್ರಿಸ್ಬೇನಿನಿಂದ ಹೊಸಬರು ವರುಣ ಮತ್ತು ನಿಕಿತಾ, ಮದುವೆಯಾಗಿ ಒಂದು ವರ್ಷದ ಜೋಡಿ. ಇಬ್ಬರಿಗೂ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಸಾಫ್ಟ್‌ವೇರ್ ಕೆಲಸ, ಅಲ್ಲೇ ಒಂಬತ್ತನೇ ಮಹಡಿಯಲ್ಲಿ ಮನೆ. ಹಿಂದಿನ ದಿನ ನಿಕಿತಾ ಹೊಸ ಶೂ ತೆಗೆದು ತೋರಿಸಿದಾಗ ಕಮಲಮ್ಮ ಅದನ್ನು ಮಗುಚಿ ಅಡಿಯನ್ನು ನೋಡಿದ್ದರು. ಶೂ ಅಂದರೆ ಅವರು ಮೊದಲು ನೋಡೋದೇ ಈಗ ಅಡಿಯನ್ನು. ಗೋಂದು ಗಟ್ಟಿಯಾಗಿತ್ತು. ಅಡಿಯ ಅಚ್ಚು ಜೇನುಗೂಡಿನ ಹಾಗೆ ಆರು ಮೂಲೆಯದು.

ನಡಿಗೆಯ ದಿನ ಬೆಳಗಿನ ಬಿಸಿಲು ಬಂಡೆ ಮೇಲೆ ಬೀಳುವಾಗ ಫೋಟೋ ತೆಗೀಬೇಕು ಅಂತ ಆ ಜೋಡಿ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಹೊರಟುಬಿಟ್ಟಿತು. ಕೈಯಲ್ಲಿ ಕ್ಯಾಮೆರಾ, ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಬಾಟಲಿ ನೀರು. ದೊಡ್ಡ ಕ್ಯಾನು ಹಿಂದೆ ಬರುವವರ ಬೆನ್ನ ಮೇಲಿತ್ತು. ದಾರಿ ಸುಲಭ, ಗುರುತಿಗೆ ಕಲ್ಲುಗುಡ್ಡೆ ಇಟ್ಟಿರ್ತಾರೆ ನೋಡ್ಕೊಂಡು ಹೋಗಿ, ಒಲೆಗುಂಡಿನ ಹತ್ತಿರ ಕಾಯ್ತಿರಿ ಅಂದರು ಡಾಕ್ಟರು.

ಮಿಕ್ಕ ಏಳು ಜನ ಬೋರ್ಡಿನ ಮುಂದೆ ಸೇರಿದರು. ಹೋದ ವರ್ಷ ಡಾಕ್ಟರು ಅದರಲ್ಲಿ ನೀರು, ಟೋಪಿ, ಹಾವು, ಇಷ್ಟು ಓದಿ ಬಿಟ್ಟಿದ್ದರು. ಆಮೇಲೆ ಯಾರೋ ಬಾಳೆಹಣ್ಣಿನ ಸಿಪ್ಪೆ ಬಿಸಾಡಿದ್ದು ನೋಡಿ ಕೋಪ ಬಂದು, ಈ ಸಲ ಒಂದಕ್ಷರ ಬಿಡದೆ ಓದಿ ಕಮಲಮ್ಮನಿಗೆ ಕನ್ನಡದಲ್ಲಿ ಹೇಳಿದರು. ಕೊನೇ ಸಾಲು ಕಲ್ಲಿನದು. ಹಾಸುಬಂಡೆಯ ಮೇಲೆ ಕಂಬ ನೆಡಲು ಆಗೋಲ್ಲ, ಅಲ್ಲಿ ದಾರಿಗೆ ಗುರುತು ಕಲ್ಲುಗುಡ್ಡೆಯೇ. ಬೇರೆ ಯಾರೂ ಕಲ್ಲು ಪೇರಿಸಬಾರದು, ನಡೆಯುವವರು ದಾರಿ ತಪ್ಪುತ್ತಾರೆ. ಈ ನೆಲ ಹಿಂದಿನಿಂದ ಇಲ್ಲಿರುವ ಜನರದು. ಕಲ್ಲುಗಳನ್ನು ಇದ್ದ ಕಡೆಯೇ ಇರಲು ಬಿಡಿ.

ಕಮಲಮ್ಮ ಆ ಸಾಲನ್ನು ಇನ್ನೊಂದು ಸಲ ಹೇಳಿಸಿಕೊಂಡರು. ಇಷ್ಟು ದೂರದಲ್ಲಿ ಯಾರು ಕಲ್ಲು ಜೋಡಿಸಿ ಕೂರ್ತಾರೆ ಬಿಡಿ ಅಂತ ಡಾಕ್ಟರು ನಗುತ್ತಾ ಹೊರಟರು. ಕಮಲಮ್ಮ ಯಾವಾಗಿನ ಹಾಗೆ ಎಲ್ಲರಿಗಿಂತ ಹಿಂದೆ. ಒಂದು ವರ್ಷ ಗಾಳಿ ಬೀಸಿದೆ, ಬಿದ್ದು ಹೋಗಿರುತ್ತೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಾ ನಡೆದರು. ಆದರೆ ಕಟ್ಟಿದ ಕೈ ಯಾರದು ಅಂತ ಅವರಿಗೇ ಗೊತ್ತಿತ್ತು. ಬಿದ್ದಿರೋಲ್ಲ.

ಅವರು ಹಾಸುಬಂಡೆಗೆ ಬಂದಾಗ ಒಂಬತ್ತು ಕಾಲು. ಮುಂದೆ ಬಂದವರು ಚಕ್ಕುಲಿ ತಿಂದು, ಚೀಲ ಏರಿಸಿಕೊಂಡು, ಬಲಗಡೆಗೆ ಹೊರಡೋದರಲ್ಲಿದ್ದರು. ಮರದ ಆಚೆ, ಎಡಗಡೆಗೆ, ಹನ್ನೊಂದು ಕಲ್ಲಿನ ಮನೆ ನಿಂತಿತ್ತು. ಒಂದು ಕಲ್ಲು ಜರುಗಿರಲಿಲ್ಲ. ಬಲಗಡೆಯ ಸರ್ಕಾರದ ಗುರುತು ಮೂರೇ ಕಲ್ಲಿನ ಮೋಟು ಗುಡ್ಡೆ. ಹೊಸಬರ ಕಣ್ಣಿಗೆ ಮೊದಲು ಬೀಳೋದು ಯಾವುದು ಅಂತ ಕೇಳಬೇಕಾಗಿರಲಿಲ್ಲ.

ಕಮಲಮ್ಮ ಬಂಡೆಯಿಂದ ಎಡಗಡೆಗೆ ಇಳಿದು ಹಳ್ಳದ ಮರಳು ನೋಡಿದರು. ಎರಡು ಜೊತೆ ಹೆಜ್ಜೆ, ಒಂದು ಜೊತೆಗೆ ಜೇನುಗೂಡಿನ ಅಚ್ಚು. ಹೋದ ಹೆಜ್ಜೆ ಇತ್ತು, ಬಂದ ಹೆಜ್ಜೆ ಇರಲಿಲ್ಲ.

ಈಗ ಬಾಯಿ ಬಿಡದಿದ್ದರೆ ಒಲೆಗುಂಡು ಮುಟ್ಟುವ ತನಕ, ಅಂದರೆ ಇನ್ನೂ ಎರಡು ಗಂಟೆ, ಯಾರಿಗೂ ಗೊತ್ತಾಗುವುದಿಲ್ಲ. ಆ ಹಳ್ಳ ಎಲ್ಲಿಗೆ ಹೋಗಿ ಮುಗಿಯುತ್ತೋ. ಫೋನು ಹತ್ತೋಲ್ಲ. ಬಾಯಿ ಬಿಟ್ಟರೆ, ಮಗಳು ತಲೆ ಎತ್ತಿಕೊಂಡು ಓಡಾಡುವ ಜನರ ಮುಂದೆ, ಬುದ್ಧಿ ಇಲ್ಲದ ಮುದುಕಿ ದಾರಿ ತಪ್ಪಿಸಿದಳು ಅಂತ ಆಗುತ್ತೆ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಅವರು ನಿಂತರು. ಆಮೇಲೆ ಕರೆದರು.

"ಡಾಕ್ಟ್ರೇ, ಬಲಕ್ಕೆ ಹೋಗ್ಬೇಡಿ. ಆ ಮಕ್ಕಳು ಈ ಕಡೆ ಹೋಗಿದಾರೆ. ಈ ಗುಡ್ಡೆ ಸರ್ಕಾರದ್ದಲ್ಲ, ಹೋದ ವರ್ಷ ನಾನು ಕಟ್ಟಿದ್ದು."

ಡಾಕ್ಟರು ಹೆಜ್ಜೆ ನೋಡಿದರು, ಗುಡ್ಡೆ ನೋಡಿದರು, ಸೀಟಿ ಊದಿದರು. ಮೂರು ಸಲ ಊದಿದರೂ ಉತ್ತರ ಬರಲಿಲ್ಲ. ಗುರುದತ್‌ನನ್ನು ಕರೆದುಕೊಂಡು, ನೀರಿನ ಕ್ಯಾನು ಹೊತ್ತು ಹಳ್ಳಕ್ಕೆ ಇಳಿದರು. ಹೋಗುವ ಮುಂಚೆ ಒಂದು ಮಾತು ಹೇಳಿದರು: ಮಧ್ಯಾಹ್ನ ಕಾರು ಹೊರಡಲೇಬೇಕು, ನಾಳೆ ರಾತ್ರಿ ಅಡಿಲೇಡಿನಲ್ಲಿ ವಿಮಾನ ಇದೆ, ಹತ್ತೂವರೆ ಒಳಗೆ ಈ ಬಂಡೆ ಬಿಡದವರು ಒಲೆಗುಂಡಿಗೆ ಹೋಗುವಂತಿಲ್ಲ.

ಒಂದು ಗಂಟೆ ಆಯಿತು. ಕಮಲಮ್ಮ ಕೂರಲಿಲ್ಲ. ಹತ್ತು ಕಾಲಿಗೆ ಹಳ್ಳದ ತಿರುವಿನಲ್ಲಿ ನಾಲ್ಕು ತಲೆ ಕಂಡವು. ಎಣಿಸಿದರು, ಇನ್ನೊಂದು ಸಲ ಎಣಿಸಿದರು, ಆಮೇಲೆ ಕೂತರು. ವರುಣ ನಿಕಿತಾ ಒಂದೂವರೆ ಕಿಲೋಮೀಟರು ಹೋಗಿ, ಹಳ್ಳ ಎರಡಾಗಿ ಒಡೆದ ಕಡೆ ದಿಕ್ಕು ತಪ್ಪಿ, ಬಾಟಲಿ ಖಾಲಿ ಮಾಡಿಕೊಂಡು ಒಂದು ಬಂಡೆ ನೆರಳಿನಲ್ಲಿ ಕೂತಿದ್ದರಂತೆ. ಇನ್ನೊಂದು ಹತ್ತು ನಿಮಿಷ ಆಗಿದ್ದರೆ ದಿಣ್ಣೆ ಹತ್ತಿ ಅಡ್ಡದಾರಿ ಹುಡುಕೋಣ ಅಂತಿದ್ದರಂತೆ. ಹಾಗೆ ಮಾಡಿದ್ದರೆ ಹೆಜ್ಜೆಯೂ ಸಿಗುತ್ತಿರಲಿಲ್ಲ ಅಂದರು ಡಾಕ್ಟರು.

ಕಮಲಮ್ಮ ನಿಕಿತಾಳ ಎರಡೂ ಕೈ ಹಿಡಿದು ತಪ್ಪಾಯಿತು ಅಂದರು. ವರುಣ ತುಟಿ ಒರೆಸಿಕೊಂಡು ಗುಡ್ಡೆಯನ್ನೊಮ್ಮೆ ಸುತ್ತಿ ನೋಡಿದ.

"ಆಂಟಿ, ಗೌರ್ಮೆಂಟ್ ಗುಡ್ಡೆಗಿಂತ ನಿಮ್ಮದು ಚೆನ್ನಾಗಿದೆ. ಅದಕ್ಕೇ ನಂಬಿಬಿಟ್ವಿ."

ಎಲ್ಲರೂ ನಕ್ಕರು. ಕಮಲಮ್ಮ ನಗಲಿಲ್ಲ.

ಹತ್ತೂವರೆಗೆ ಹತ್ತು ನಿಮಿಷ ಇತ್ತು. ಡಾಕ್ಟರು ಹತ್ತಿರ ಬಂದು ಮೆಲ್ಲಗೆ ಹೇಳಿದರು: ಒಂದು ವರ್ಷ ಅಕ್ಕಿ ಹೊತ್ತು ನಡೆದಿದ್ದೀರಿ, ಈಗ ಹೊರಡಿ ಕಮಲಮ್ಮನೋರೆ, ಗುರುದತ್ ಜೊತೆಗಿರ್ತಾನೆ, ಇದನ್ನು ನಾನು ಒಂದು ನಿಮಿಷದಲ್ಲಿ ಕಾಲಲ್ಲಿ ಬೀಳಿಸಿ ಬರ್ತೀನಿ. ಬಲಗಡೆ ದಿಣ್ಣೆ ಹತ್ತಿ ಹೋಗುವ ಒಲೆಗುಂಡಿನ ದಾರಿ ಕೆಂಪಗೆ ಕಾಣುತ್ತಿತ್ತು. ಕಮಲಮ್ಮ ಅದನ್ನು ನೋಡಿದರು.

"ಕಾಲು ತಾಗಿಸಬೇಡಿ ಡಾಕ್ಟ್ರೇ. ಬೀಳಿಸಿದ್ರೆ ಆಗಲಿಲ್ಲ. ಇದ್ದ ಕಡೆ ಇರಬೇಕು ಅಂತ ತಾನೆ ನೀವು ಓದಿದ್ದು? ಎಲ್ಲಿಂದ ತಂದೆ ಅಂತ ನಂಗೆ ಗೊತ್ತು. ನೀವು ಹೋಗಿ ಬನ್ನಿ."

ಚೀಲ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಡ್ಡೆಯ ಮುಂದೆ ಕೂತರು. ಅಡಿಲೇಡಿನ ಮೂವರು ಮುಂದೆ ಹೋದರು. ಡಾಕ್ಟರು ಹೋಗಲಿಲ್ಲ, ಟೋಪಿ ತೆಗೆದು ಮರದ ಕೆಳಗೆ ಕೂತರು. ಮೈತ್ರೇಯಿ ಬಂದು ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಯಾರಿಗೋಸ್ಕರ ಕಟ್ಟಿದ್ದಮ್ಮ ಅಂತ ಕೇಳಿದಳು.

"ನಿಂಗೆ ಕಣೆ. ಇನ್ಯಾರಿಗೆ?"

ಮೈತ್ರೇಯಿ ಮೇಲಿನ ಗುಂಡುಕಲ್ಲಿಗೆ ಕೈ ಚಾಚಿದಳು. ಕಮಲಮ್ಮ ತಡೆದರು.

"ನೀನು ಮುಟ್ಬೇಡ. ನಿನ್ನ ಮನೆ ನಿನ್ನ ಕೈಯಲ್ಲಿ ಬಿಚ್ಚಿಸೋಲ್ಲ. ನಾನು ಕಟ್ಟಿದ್ದು, ನಾನೇ ಬಿಚ್ಚಬೇಕು."

ಕಟ್ಟಿದ ಮನೆ ಬಿಚ್ಚೋದು ಅವರಿಗೆ ಸುಲಭವಾಗಿರಲಿಲ್ಲ. ಬೆಟ್ಟದ ದಾರಿಯಲ್ಲಿ ಬೇರೆಯವರು ಕಟ್ಟಿದ್ದಕ್ಕೂ ಕಾಲು ತಾಗದ ಹಾಗೆ ಸುತ್ತಿ ಹೋಗುವವರು ಅವರು. ಗುಂಡುಕಲ್ಲಿಗೆ ಒಂದು ಸಲ ಕೈ ಮುಗಿದು, ಎತ್ತಿದರು.

ಆ ಮರುಭೂಮಿಯ ಕಲ್ಲಿಗೆ ಎರಡು ಮೈ. ಬಿಸಿಲು ಕಂಡ ಮೇಲಿನ ಮೈ ಕಪ್ಪು ಕೆಂಪು, ಮಣ್ಣಿಗೆ ಅಂಟಿದ ಕೆಳಗಿನ ಮೈ ನಸು ಹಳದಿ. ಕಲ್ಲು ಎದ್ದ ಜಾಗದ ಗುಳಿಗೆ ಒಂದು ವರ್ಷದ ಗಾಳಿ ಮರಳು ತುಂಬಿದ್ದರೂ ಅಂಚು ಗೊತ್ತಾಗುತ್ತಿತ್ತು. ಸೂರಿನ ಕಲ್ಲು ಬಂಡೆಯಂಚಿನ ಮುಳ್ಳುಹುಲ್ಲಿನ ಪಕ್ಕದ್ದು. ಬಾಗಿಲ ಕಲ್ಲು ಮರದ ಬೇರಿನ ಬುಡದ್ದು. ಗೋಡೆಯ ನಾಲ್ಕರಲ್ಲಿ ಎರಡು ಒಂದೇ ಕಡೆಯವು, ಒಂದಕ್ಕೊಂದು ಒರಗಿದ್ದವು. ಈಗಲೂ ಒರಗಿಸಿಯೇ ಇಟ್ಟರು. ಗುಳಿಯ ಮರಳನ್ನು ಬೆರಳಲ್ಲಿ ತೆಗೆದು, ಕಪ್ಪು ಮೈ ಮೇಲೆ ಬರುವ ಹಾಗೆ ಕಲ್ಲು ಕೂರಿಸಿ, ಸುತ್ತ ಮಣ್ಣು ಒತ್ತಿ, ತಮ್ಮ ಹೆಜ್ಜೆಯನ್ನು ಸೆರಗಿನ ತುದಿಯಿಂದ ಒರೆಸಿ ಹಿಂದಕ್ಕೆ ಬಂದರು. ನಿಕಿತಾ ನಾನು ಹೊತ್ತು ತರ್ತೀನಿ ಆಂಟಿ ಅಂತ ಎದ್ದಳು. ಅವಳಿಗೆ ಭಾರದ್ದನ್ನು ಕೊಟ್ಟು, ಇಡುವ ಕೆಲಸ ತಾವೇ ಮಾಡಿದರು. ಅಡಿಪಾಯದ ಒಂದು ಕಲ್ಲಿನ ಕೆಳಗೆ ಜೇಡ ಮನೆ ಮಾಡಿತ್ತು. ಅದು ಹರಿದು ಹೋಗುವ ತನಕ ಕಾದರು.

ಹತ್ತು ಕಲ್ಲಿನ ಜಾಗ ನೆನಪಾಯಿತು. ಹನ್ನೊಂದನೆಯದು ಎಲ್ಲಿಯದೋ ಹೊಳೆಯಲಿಲ್ಲ. ಎಲ್ಲಾದರೂ ಇಡಿ ಅತ್ತೆ, ಯಾರು ನೋಡ್ತಾರೆ ಅಂದ ಗುರುದತ್. ಅವರು ಅವನ ಕಡೆ ತಿರುಗಲೂ ಇಲ್ಲ. ಆ ಕಲ್ಲನ್ನು ಎದೆಗೆ ಒರಗಿಸಿಕೊಂಡು ಗುಳಿಯಿಂದ ಗುಳಿಗೆ ಹೋಗಿ ಕೂರಿಸಿ ನೋಡಿದರು. ಒಂದು ಕಡೆ ಅಗಲ ಸಾಲದು, ಒಂದು ಕಡೆ ಆಳ ಸಾಲದು. ಆರನೇ ಗುಳಿಯಲ್ಲಿ ಅದು ಮುಚ್ಚಳದ ಹಾಗೆ ಕೂತಿತು. ಎದ್ದಾಗ ಹನ್ನೆರಡು ಗಂಟೆ. ಡಾಕ್ಟರು ನಾಲ್ಕು ಕಡೆಯಿಂದ ನೋಡಿ, ನಲವತ್ತು ವರ್ಷ ಹೊಲಿಗೆ ಹಾಕಿದ್ದೀನಿ, ಹೀಗೆ ಗುರುತು ಉಳಿಯದ ಹಾಗೆ ಒಂದೂ ಹಾಕಲಿಲ್ಲ ಅಂದರು.

ವಾಪಸ್ಸು ಬರುವಾಗ ಸಂಜೆಗೆ ಮುಂಚೆ ಒಂದು ಸರ್ವೋದಲ್ಲಿ, ಅಂದರೆ ಇಲ್ಲಿಯ ಪೆಟ್ರೋಲ್ ಬಂಕಿನಲ್ಲಿ, ಟೀಗೆ ನಿಲ್ಲಿಸಿದರು. ಕೌಂಟರಿನ ಹೆಂಗಸು ಕಮಲಮ್ಮನ ಮಣ್ಣಾದ ಸೀರೆ ನೋಡಿ, ಬಂಡೆ ನೋಡಿದಿರಾ ಅಂತ ಕೇಳಿದಳು. ಇಲ್ಲ, ನಮ್ಮಮ್ಮನಿಗೆ ದಾರಿಯಲ್ಲಿ ಒಂದು ಕೆಲಸ ಇತ್ತು, ಅದನ್ನು ಮುಗಿಸಿ ಬಂದ್ವಿ ಅಂತ ಮೈತ್ರೇಯಿ ಇಂಗ್ಲಿಷಿನಲ್ಲಿ ಹೇಳಿ, ಅಮ್ಮನ ಭುಜದ ಮೇಲೆ ಕೈ ಇಟ್ಟಳು. ಅಷ್ಟು ಇಂಗ್ಲಿಷ್ ಕಮಲಮ್ಮನಿಗೆ ಅರ್ಥವಾಗುತ್ತೆ. ಆ ಕೈ ಕಾರಿನ ತನಕ ಭುಜದ ಮೇಲೇ ಇತ್ತು.

ಅದಾಗಿ ಒಂದು ವರ್ಷ. ಮಗಳಿಗೆ ಮನೆ ಇನ್ನೂ ಆಗಿಲ್ಲ. ಶನಿವಾರ ವಿಲೆಟನ್‌ಗೆ ಹೋಗೋದು ನಿಂತಿಲ್ಲ, ಮೈದಾನದ ಹನ್ನೆರಡು ಸುತ್ತೂ ನಿಂತಿಲ್ಲ. ಮನೆ ಆಗುವಾಗ ಆಗುತ್ತೆ ಅಂತಾರೆ ಕಮಲಮ್ಮ.

ಈ ಜುಲೈನಲ್ಲಿ ಅದೇ ಒಂಬತ್ತು ಜನ ಮತ್ತೆ ಹೋದರು. ಬೋರ್ಡಿನ ಮುಂದೆ ಡಾಕ್ಟರು ನೀರು, ಟೋಪಿ, ಹಾವು ಓದಿ, ಕೊನೇ ಸಾಲು ನೀವೇ ಹೇಳಿ ಅಂತ ಕಮಲಮ್ಮನಿಗೆ ಬಿಟ್ಟರು. ಅವರು ಬೋರ್ಡು ನೋಡದೆ ಹೇಳಿದರು: ಕಲ್ಲು ಮುಟ್ಟಬೇಡಿ, ನಾನು ಮುಟ್ಟಿದ್ದೆ. ಆಮೇಲೆ ಡಾಕ್ಟರು ಒಂದು ಕಿತ್ತಳೆ ಬಣ್ಣದ ಜಾಕೆಟ್ ತೆಗೆದು ಅವರ ಸೀರೆ ಮೇಲೆ ಹಾಕಿದರು. ಇನ್ನು ಮೇಲೆ ಎಲ್ಲರ ಹಿಂದೆ ನಡೆಯುವ ಕೆಲಸ ನಿಮ್ಮದು, ನಿಮ್ಮ ಹಿಂದೆ ಯಾರೂ ಉಳಿಯಬಾರದು, ನಿಮ್ಮ ಕಣ್ಣಿಗೆ ಕಾಣದ ಹಾಗೆ ಯಾರೂ ಮುಂದೆ ಹೋಗಬಾರದು ಅಂದರು. ಅದುವರೆಗೆ ಕಾಲು ಸೋತು ಹಿಂದೆ ಉಳಿಯುತ್ತಿದ್ದವರು ಅವತ್ತು ಜವಾಬ್ದಾರಿಯ ಮೇಲೆ ಹಿಂದೆ ನಡೆದರು.

ಹಾಸುಬಂಡೆ ಬಂತು. ಕಮಲಮ್ಮ ಮರದ ಆಚೆ ಹೋಗಿ ನಿಂತು ಹುಡುಕಿದರು. ಇಲ್ಲೇ ಅಲ್ವಾ ಆಂಟಿ ಅಂತ ವರುಣ ಒಂದು ಕಡೆ ತೋರಿಸಿದ. ಅಲ್ಲ ಅಲ್ಲಿ ಅಂತ ನಿಕಿತಾ ಇನ್ನೊಂದು ಕಡೆ. ಕಮಲಮ್ಮ ಬಗ್ಗಿ ಬಗ್ಗಿ ನೋಡಿದರು. ಬೇರಿನ ಬುಡದಲ್ಲಿ ಐದಾರು ಉದ್ದ ಕಲ್ಲು, ಮುಳ್ಳುಹುಲ್ಲಿನ ಪಕ್ಕ ಹತ್ತಾರು ಅಗಲ ಕಲ್ಲು. ಎಲ್ಲವೂ ಕಪ್ಪಗೆ, ಎಲ್ಲವೂ ಹುಟ್ಟಿದಾಗಿನಿಂದ ಅಲ್ಲೇ ಇದ್ದವರ ಹಾಗೆ. ತಮ್ಮ ಕೈಯಲ್ಲಿ ಎತ್ತಿದ ಹನ್ನೊಂದರಲ್ಲಿ ಒಂದನ್ನೂ ಅವರಿಗೆ ಗುರುತು ಹಿಡಿಯಲು ಆಗಲಿಲ್ಲ. ಸೊಂಟ ನೆಟ್ಟಗೆ ಮಾಡಿಕೊಂಡು, ಸಿಗೋಲ್ಲ, ನಡೀರಿ ಅಂದರು. ಆ ಮಾತು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಹನ್ನೊಂದೂ ಇಪ್ಪತ್ತಕ್ಕೆ ಒಲೆಗುಂಡು ಮುಟ್ಟಿದರು. ಮೂರು ಬಂಡೆಯ ನಡುವಿನ ನೆರಳಿನಲ್ಲಿ ಕೂತು ಫ್ಲಾಸ್ಕಿನ ಕಾಫಿ ಕುಡಿದರು. ಮೈತ್ರೇಯಿ ಫೋಟೋ ತೆಗೆದಳು. ಇಲ್ಲೊಂದು ಮನೆ ಕಟ್ಟಲ್ವಾ ಆಂಟಿ ಅಂತ ವರುಣ ಕಿಚಾಯಿಸಿದ. ಕಟ್ಟಿದರೆ ನೀನು ಮತ್ತೆ ಹಳ್ಳಕ್ಕೆ ಹೋಗ್ತೀಯ, ಸುಮ್ಮನೆ ಚಕ್ಕುಲಿ ತಿನ್ನು ಅಂದರು.

ಹೊರಡುವಾಗ ಜಾಕೆಟ್ಟಿನ ಗುಂಡಿ ಹಾಕಿಕೊಂಡು ಎದ್ದು ನಿಂತು, ಎಲ್ಲರೂ ಸಾಲಾಗುವ ತನಕ ಕಾದರು. ಬೆರಳು ಮಡಿಸುತ್ತಾ ಮುಂದಿನ ತಲೆಗಳನ್ನು ಎಣಿಸಿದರು. ಎಂಟೂ ಇದ್ದವು. ಆಮೇಲೆ ತಾವು ಹೆಜ್ಜೆ ತೆಗೆದರು.